ಕ್ರಿಸ್‌ಮಸ್ ರಾತ್ರಿ ಊಟ: ಟರ್ಕಿ, ಪ್ಲಮ್ ಪುಡ್ಡಿಂಗ್ ಬಿಟ್ಟು ಹತ್ತು ಜನಕ್ಕೆ ಏನು ಮಾಡಬಹುದು?

ಹೊಸಮೆನು

ಕ್ರಿಸ್‌ಮಸ್ ರಾತ್ರಿ ಊಟಕ್ಕೆ ಹತ್ತು ಜನ. ಇಡೀ ಟರ್ಕಿ, ರೋಸ್ಟ್ ಆಲೂಗಡ್ಡೆ, ಪ್ಲಮ್ ಪುಡ್ಡಿಂಗ್ ಈ ಸಲ ಬೇಡ ಅಂತ ತೀರ್ಮಾನ ಆಗಿದೆ. ಆದರೆ ಮೇಜಿನ ಮೇಲೆ ತಂದಿಟ್ಟಾಗ ಹಬ್ಬದ ಊಟ ಅನ್ನಿಸಬೇಕು, ದಿನದ ಅಡುಗೆಯ ಥರ ಕಾಣಬಾರದು.

ಎಂಟು ಜನ ಮಾಂಸ ತಿನ್ನುವವರು. ಇಬ್ಬರು ಸಸ್ಯಾಹಾರಿಗಳು, ಹಾಲು, ಬೆಣ್ಣೆ ಇಬ್ಬರಿಗೂ ನಡೆಯುತ್ತೆ, ಒಬ್ಬರು ಮೊಟ್ಟೆ ಮುಟ್ಟಲ್ಲ. ಮಾಂಸ ತಿನ್ನುವ ಒಬ್ಬರಿಗೆ ಬಾದಾಮಿ, ಗೋಡಂಬಿ, ವಾಲ್‌ನಟ್ ಎಲ್ಲಕ್ಕೂ ಅಲರ್ಜಿ. ಓವನ್ ಒಂದೇ, 60 ಲೀಟರ್, ಎರಡು ಟ್ರೇ ಹಿಡಿಯುತ್ತೆ. ಗ್ಯಾಸಿನಲ್ಲಿ ನಾಲ್ಕು ಬರ್ನರ್. ಊಟ 8 ಗಂಟೆಗೆ. ಅಡುಗೆ ಮಾಡುವುದು ಒಬ್ಬರೇ.

ಮುಖ್ಯ ಅಡುಗೆ ಏನಿಟ್ಟುಕೊಳ್ಳಲಿ, ಎಷ್ಟು ಹಿಂದಿನ ದಿನವೇ ಮುಗಿಸಬಹುದು, ಕೊನೆಗೆ ಸಿಹಿ ಏನು? ಅಳತೆ ಸಮೇತ ಹೇಳಿದರೆ ಉಪಕಾರ.

ಸೌಟು

ಪಟ್ಟಿ ಮಾಡುವ ಮುಂಚೆ ಒಂದು ವಿಚಾರ ಇತ್ಯರ್ಥ ಮಾಡಿಕೊಳ್ಳಿ. ಅಡುಗೆಯಲ್ಲಿ ಎರಡು ಜಾತಿ: ನಮಗಾಗಿ ಕಾಯುವ ಅಡುಗೆ, ನಮ್ಮನ್ನೇ ಕಾಯಿಸುವ ಅಡುಗೆ. ಓವನ್ ಒಂದೇ, ಕೈಯೂ ಒಬ್ಬರದೇ ಅಂದಮೇಲೆ ಎರಡನೇ ಜಾತಿಯದು ಮೆನುವಿನಲ್ಲಿ ಒಂದಕ್ಕಿಂತ ಹೆಚ್ಚು ಇರಕೂಡದು. ಟರ್ಕಿಯ ತೊಂದರೆಯೂ ಅದೇ. ಎದೆಯ ಮಾಂಸಕ್ಕೆ ಒಂದು ಹದ, ಕಾಲಿಗೆ ಇನ್ನೊಂದು. ಕಾಲು ಬೇಯುವಷ್ಟರಲ್ಲಿ ಎದೆ ಒಣಗಿ ನಾರಾಗುತ್ತೆ.

ನನ್ನ ಆಯ್ಕೆ ಕುರಿಯ ಶೋಲ್ಡರ್ (ಮುಂಗಾಲಿನ ಮೇಲಿನ ಭುಜದ ಭಾಗ), ಮೂಳೆ ಸಮೇತ, ನಿಧಾನವಾಗಿ ಬೇಯಿಸಿದ್ದು. ಮೂಳೆ ಇರುವ ಮಾಂಸ ತಲೆಗೆ 350ರಿಂದ 400 ಗ್ರಾಂ ಲೆಕ್ಕ. ಎಂಟು ಜನಕ್ಕೆ 1.8 ಕೆ.ಜಿ.ಯ ಎರಡು ತುಂಡು ತಗೊಂಡರೆ ಮರುದಿನಕ್ಕೂ ಸ್ವಲ್ಪ ಉಳಿಯುತ್ತೆ. ತೊಡೆ ಕೊಟ್ಟರೆ ಬೇಡ ಅನ್ನಿ. ತೊಡೆಯಲ್ಲಿ ಕೊಬ್ಬು, ಅಂಟು ಎರಡೂ ಕಡಿಮೆ. ನಾಲ್ಕು ಗಂಟೆ ಬೇಯಿಸಿದರೆ ಒಣಗಿ ಪುಡಿಪುಡಿ ಆಗುತ್ತೆ.

ಹಿಂದಿನ ದಿನ ತೂಕದ ನೂರಕ್ಕೆ ಒಂದು ಭಾಗ ಉಪ್ಪು ಸವರಿ, ಅಂದರೆ ತುಂಡಿಗೆ 18 ಗ್ರಾಂ. ಮುಚ್ಚಳ ಹಾಕದೆ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ. ಮೊದಲ ಒಂದೆರಡು ಗಂಟೆ ಮೇಲೆ ನೀರಾಡುತ್ತೆ, ಒರೆಸಲು ಹೋಗಬೇಡಿ. ಆ ಉಪ್ಪುನೀರೇ ಮತ್ತೆ ಒಳಗೆ ಇಳಿಯುವುದು. ಮರುದಿನ ಟ್ರೇಗೆ ದಪ್ಪ ಹೋಳಿನ ಈರುಳ್ಳಿ ನಾಲ್ಕು, ಅಡ್ಡ ಕೊಯ್ದ ಬೆಳ್ಳುಳ್ಳಿ ಎರಡು ಗಡ್ಡೆ, ರೋಸ್‌ಮೆರಿ ಒಂದೆರಡು ಕಡ್ಡಿ, ಉಪ್ಪಿಲ್ಲದ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ರಸ) 300 ಮಿ.ಲೀ. ಅದರ ಮೇಲೆ ಮಾಂಸ, ಮೇಲೆ ಎರಡು ಪದರ ಫಾಯಿಲ್. ಅಂಚಿನಲ್ಲಿ ಎಲ್ಲೂ ಹಬೆ ಹೊರಬರಬಾರದು. ಸಂದಿ ಉಳಿದರೆ ತಳ ಸೀದು ಗ್ರೇವಿ ಕಹಿಯಾಗುತ್ತೆ. 150 ಡಿಗ್ರಿಯಲ್ಲಿ ನಾಲ್ಕೂಕಾಲು ಗಂಟೆ.

ಒಳಗಿನ ಶಾಖ 92–95 ಡಿಗ್ರಿ ಮುಟ್ಟಬೇಕು. 75ಕ್ಕೇ ಬೆಂದಿರುತ್ತೆ ನಿಜ, ಆದರೆ ಮೂಳೆ ಸುತ್ತಲಿನ ಅಂಟು ಕರಗಿ ಜೆಲ್ಲಿಯಾಗಲು ಹೆಚ್ಚು ಶಾಖ, ಹೆಚ್ಚು ಹೊತ್ತು ಎರಡೂ ಬೇಕು. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ: ಮೂರನೇ ಗಂಟೆಗೆ ಚುಚ್ಚಿ ನೋಡಿ ಗಟ್ಟಿ ಇದ್ದರೆ ಅತಿಯಾಗಿ ಬೆಂದಿತು ಅಂದುಕೊಂಡು ಹೊರತೆಗೆಯುತ್ತಾರೆ. ಗಟ್ಟಿ ಇದೆ ಅಂದರೆ ಇನ್ನೂ ಬೇಕು ಅಂತ ಅರ್ಥ.

ಬಡಿಸುವ ಮುಂಚೆ ಫಾಯಿಲ್ ತೆಗೆದು, ಎರಡು ದೊಡ್ಡ ಚಮಚ ಜೇನುತುಪ್ಪ, ಒಂದು ಚಮಚ ವಿನಿಗರ್, ಕುಟ್ಟಿದ ಕಾಳುಮೆಣಸು ಕಲಸಿ ಸವರಿ 220 ಡಿಗ್ರಿಯಲ್ಲಿ 15–20 ನಿಮಿಷ. ಜೇನು ಮೊದಲೇ ಹಚ್ಚಿದರೆ ಕರಕಲಾಗುತ್ತೆ.

ಮೀನಹೆಜ್ಜೆ

ಕುರಿ ಒಳ್ಳೆಯದೇ, ಆದರೆ ನಾಲ್ಕೂಕಾಲು ಗಂಟೆ ಓವನ್ ಕಟ್ಟಿಹಾಕುವುದು ದುಬಾರಿ. ಇಂಥ ಊಟಕ್ಕೆ ಸಾಲ್ಮನ್ ಒಂದು ಇಡೀ ಪಕ್ಕೆ, 1.6 ಕೆ.ಜಿ., ಎಂಟು ಜನಕ್ಕೆ ಸರಿಹೋಗುತ್ತೆ. ಮುಳ್ಳು ತೆಗೆಸಿ, ಲೀಟರಿಗೆ 60 ಗ್ರಾಂ ಉಪ್ಪು ಹಾಕಿದ ತಣ್ಣೀರಲ್ಲಿ 15 ನಿಮಿಷ ಮುಳುಗಿಸಿ, ಚೆನ್ನಾಗಿ ಒರೆಸಿ. ಬೇಯುವಾಗ ಮೀನಿನ ಮೇಲೆ ಬಿಳಿ ಗಡ್ಡೆ ಗಡ್ಡೆಯಾಗಿ ಉಕ್ಕುವುದು ಕೊಬ್ಬಲ್ಲ, ಪ್ರೋಟೀನು. ಉಪ್ಪುನೀರಿನಿಂದ ಅದು ಕಡಿಮೆಯಾಗುತ್ತೆ. 120 ಡಿಗ್ರಿಯಲ್ಲಿ 35–40 ನಿಮಿಷ. 50–52 ಡಿಗ್ರಿಗೆ ತೆಗೆದರೆ ಬೆಣ್ಣೆಯ ಹಾಗಿರುತ್ತೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಪಂಕ್ತಿಯಲ್ಲಿದ್ದರೆ 63ರ ತನಕ ಬಿಡಿ. ತುಸು ಒಣಗುತ್ತೆ, ಪರವಾಗಿಲ್ಲ.

ಮೇಲಕ್ಕೆ ಹಸಿರು ಸಾಸ್: ಪಾರ್ಸ್ಲಿ 50 ಗ್ರಾಂ, ಪುದೀನ 15 ಗ್ರಾಂ, ಕೇಪರ್ಸ್ (ಉಪ್ಪಿನಲ್ಲಿಟ್ಟ ಹುಳಿ ಮೊಗ್ಗು) ಒಂದು ದೊಡ್ಡ ಚಮಚ, ಬೆಳ್ಳುಳ್ಳಿ ಒಂದು ಎಸಳು, ಆಲಿವ್ ಎಣ್ಣೆ 120 ಮಿ.ಲೀ. ಚಾಕುವಿನಲ್ಲೇ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ಚಟ್ನಿಯಾಗಿಬಿಡುತ್ತೆ. ನಿಂಬೆರಸ ಮಾತ್ರ ಬಡಿಸುವ ಹೊತ್ತಿಗೆ. ಹುಳಿ ಮೊದಲೇ ಬಿದ್ದರೆ ಹಸಿರು ಬಣ್ಣ ಮಾಸಿ ಖಾಕಿಯಾಗುತ್ತೆ.

ಸೌಟು

ಮೀನಹೆಜ್ಜೆ ಅವರೇ, ರುಚಿಯಲ್ಲಿ ತಕರಾರಿಲ್ಲ. ಆದರೆ 8ಕ್ಕೆ ಅಂದ ಊಟಕ್ಕೆ ಜನ ಕೂರುವುದು 8:35ಕ್ಕೆ. ಕುರಿ ಫಾಯಿಲ್ ಹೊದ್ದು ಒಂದು ಗಂಟೆ ಬಿಸಿಯಾಗೇ ಕೂರುತ್ತೆ. ಸಾಲ್ಮನ್ ಹತ್ತು ನಿಮಿಷ ತಡವಾದರೂ ಮುನಿಸಿಕೊಳ್ಳುತ್ತೆ. ಅದನ್ನು ತಣ್ಣಗೆ ಬಡಿಸುವುದಾದರೆ ಮಾತು ಬೇರೆ: ಬೆಳಿಗ್ಗೆಯೇ ಬೇಯಿಸಿ ಫ್ರಿಜ್ಜಿಗೆ, ಊಟಕ್ಕೆ 20 ನಿಮಿಷ ಮುಂಚೆ ಹೊರಗೆ. ನಿಮ್ಮ ಹಸಿರು ಸಾಸ್ ಮಾತ್ರ ಕುರಿಗೂ ಹೇಳಿ ಮಾಡಿಸಿದ ಜೋಡಿ. ಆ ಕೊಬ್ಬಿಗೆ ಹುಳಿ ಬೇಕೇ ಬೇಕು.

ಹಿಟ್ಟುಕೈ

ಸಸ್ಯಾಹಾರಿಗಳ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ಉಳಿದವರ ಪಕ್ಕದ ಪದಾರ್ಥಗಳನ್ನೇ ಅವರ ತಟ್ಟೆಗೆ ತುಂಬಿ ಊಟ ಅನ್ನುವುದು ಚೆನ್ನಾಗಿರಲ್ಲ. ಅಣಬೆ ವೆಲ್ಲಿಂಗ್ಟನ್ ಮಾಡಿ, ಅಂದರೆ ಅಣಬೆ ಹೂರಣವನ್ನು ಪದರದ ಹಿಟ್ಟಿನ ಹಾಳೆಯಲ್ಲಿ ಸುತ್ತಿ ಓವನ್ನಿನಲ್ಲಿ ಬೇಯಿಸಿದ್ದು. ಮೇಜಿನ ಮೇಲೆ ಕುರಿಗೆ ಸರಿಸಮ ನಿಲ್ಲುತ್ತೆ. ಇಬ್ಬರಿಗೆ ಅಂತ ಅಳೆದು ಮಾಡಬೇಡಿ, ಮಾಂಸದವರೂ ಒಂದೊಂದು ಹೋಳು ಕೇಳಿಯೇ ಕೇಳುತ್ತಾರೆ. ಕೆಳಗಿನದು ಆರು ದಪ್ಪ ಹೋಳಿಗೆ.

ಅಣಬೆ 600 ಗ್ರಾಂ, ಈರುಳ್ಳಿ ಒಂದು, ಬೆಳ್ಳುಳ್ಳಿ ಮೂರು ಎಸಳು, ಥೈಮ್, ಬೇಯಿಸಿ ನೀರು ಬಸಿದ ಹಸಿರು ಲೆಂಟಿಲ್ 200 ಗ್ರಾಂ, ಪಾಲಕ್ 250 ಗ್ರಾಂ, ಒಣ ಬ್ರೆಡ್ ಪುಡಿ 40 ಗ್ರಾಂ, ಪಫ್ ಪೇಸ್ಟ್ರಿ ಒಂದು ಹಾಳೆ, ಸುಮಾರು 350 ಗ್ರಾಂ. ಇದಕ್ಕೆ ವಾಲ್‌ನಟ್ ಹಾಕುವವರೇ ಹೆಚ್ಚು. ನಿಮ್ಮಲ್ಲಿ ಅಲರ್ಜಿ ಇರುವುದರಿಂದ ಲೆಂಟಿಲ್ ಇಟ್ಟಿದ್ದೇನೆ. ಬರೀ ಅಣಬೆಯಾದರೆ ಹೊಟ್ಟೆಗೂ ನಿಲ್ಲಲ್ಲ.

ಈ ಅಡುಗೆ ಕೆಡುವುದು ನೀರಿನಿಂದ. ಅಣಬೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಸಣ್ಣಗೆ ಹೆಚ್ಚಿ, ಅಗಲ ಬಾಣಲೆಯಲ್ಲಿ ಎಣ್ಣೆ ಹಾಕದೆ, ಜೋರು ಉರಿಯಲ್ಲಿ ಹುರಿಯಿರಿ. ಐದು ನಿಮಿಷಕ್ಕೆ ಸಾರಿನ ಹಾಗೆ ನೀರು ಬಿಟ್ಟುಕೊಳ್ಳುತ್ತೆ, ಗಾಬರಿ ಬೇಡ. ಹದಿನೈದು ನಿಮಿಷದ ಹೊತ್ತಿಗೆ ಕುದಿಯುವ ಸದ್ದು ನಿಂತು ಚಟಚಟ ಸದ್ದು ಶುರುವಾಗುತ್ತೆ. ಆಗ ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯೊಳಕ್ಕೆ ನೀರು ಹರಿದು ಬರದೆ ಒಣಗಿಯೇ ಉಳಿದರೆ ಹದ ಬಂತು. ಬೆಣ್ಣೆ, ಈರುಳ್ಳಿ, ಉಪ್ಪು ಎಲ್ಲ ಆಮೇಲೆ. ಪಾಲಕನ್ನು ಬಿಸಿನೀರಲ್ಲಿ ಅದ್ದಿ ತೆಗೆದು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಹಿಂಡಿದ್ದು ಸಾಕು ಅನ್ನಿಸಿದ ಮೇಲೆ ಇನ್ನೊಂದು ಸಲ ಹಿಂಡಿ.

ಹೂರಣ ಪೂರ್ತಿ ತಣ್ಣಗಾದ ಮೇಲೆಯೇ ಪೇಸ್ಟ್ರಿಯ ಮೇಲಿಡಿ. ಬೆಚ್ಚಗಿದ್ದರೂ ಪದರದ ಬೆಣ್ಣೆ ಕರಗಿ ಹಿಟ್ಟಿನೊಳಗೆ ಸೇರುತ್ತೆ, ಆಮೇಲೆ ಪದರ ಏಳಲ್ಲ. ಹಾಳೆಯ ಮಧ್ಯೆ ಬ್ರೆಡ್ ಪುಡಿ, ಅದರ ಮೇಲೆ ಪಾಲಕ್, ಮೇಲೆ ಅಣಬೆ-ಲೆಂಟಿಲ್. ಸುತ್ತಿ, ಜೋಡಣೆ ಕೆಳಗೆ ಬರುವಂತೆ ಇಟ್ಟು, ಮೇಲೆ ನಾಲ್ಕೈದು ಕಡೆ ಹಬೆ ಹೋಗಲು ಸೀಳು ಕೊಡಿ. ಮೊಟ್ಟೆಯ ಬದಲು ಹಾಲು ಸವರಿ. ಹೊಳಪು ತುಸು ಕಡಿಮೆ ಅಷ್ಟೇ. ಇಲ್ಲಿಯವರೆಗಿನ ಕೆಲಸ ಕ್ರಿಸ್‌ಮಸ್ ದಿನ ಬೆಳಿಗ್ಗೆ ಮುಗಿಸಿ ಫ್ರಿಜ್ಜಲ್ಲಿಡಬಹುದು. ಹೂರಣ ಮಾತ್ರ ಹಿಂದಿನ ದಿನವೇ ಆಗಲಿ. ಬೇಯಿಸುವಾಗ ಮೊದಲೇ ಓವನ್ನಿನಲ್ಲಿ ಕಾಯಿಸಿದ ಟ್ರೇ ಮೇಲೆ ಇಡಿ, 200 ಡಿಗ್ರಿ, 40 ನಿಮಿಷ. ತಣ್ಣನೆ ಟ್ರೇ ಆದರೆ ಕೆಳಗಿನ ಹಿಟ್ಟು ಹಸಿಯಾಗೇ ಉಳಿಯುತ್ತೆ.

ಅವರಿಗೆ ಗ್ರೇವಿ ಬೇರೆಯೇ ಬೇಕು. ಒಣ ಅಣಬೆ 15 ಗ್ರಾಂ 500 ಮಿ.ಲೀ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಮರಳು ಇರುತ್ತೆ. ಮೂರು ಈರುಳ್ಳಿ 30 ಗ್ರಾಂ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಂದು ಬರುವ ತನಕ, ಅಂದರೆ ಮುಕ್ಕಾಲು ಗಂಟೆ, ಬಾಡಿಸಿ. 20 ಗ್ರಾಂ ಮೈದಾ ಹಾಕಿ ಹಸಿ ವಾಸನೆ ಹೋದಮೇಲೆ ಆ ನೀರು, ಒಂದು ಚಮಚ ಸೋಯಾ ಸಾಸ್. ವೂಸ್ಟರ್ ಸಾಸ್ ಬೇಡ, ಸಾಮಾನ್ಯವಾಗಿ ಅದರಲ್ಲಿ ಆಂಚೊವಿ ಮೀನು ಇರುತ್ತೆ. ಅಸಲಿ ಪಾರ್ಮೆಸಾನ್ ಚೀಸೂ ಕರುವಿನ ಹೊಟ್ಟೆಯ ರೆನೆಟ್ಟಿನಿಂದ (ಹಾಲು ಒಡೆಸುವ ಕಿಣ್ವ) ಮಾಡಿದ್ದು, ಎಲ್ಲಿಯೂ ಉದುರಿಸಬೇಡಿ. ಪಫ್ ಪೇಸ್ಟ್ರಿಯ ಪ್ಯಾಕೆಟ್ ಮೇಲೆ ಮೊಟ್ಟೆ, ನಟ್ಸ್ ಎರಡಕ್ಕೂ ಲೇಬಲ್ ಓದಿ.

ಹೊಸಮೆನು

ಎಲ್ಲರಿಗೂ ಧನ್ಯವಾದ. ಕುರಿ ಮತ್ತು ವೆಲ್ಲಿಂಗ್ಟನ್ ಖಚಿತ. ಮೂರು ಸಂದೇಹ. ಮಾಂಸದ ಥರ್ಮಾಮೀಟರ್ ಇಲ್ಲ, ಓವನ್ನಿನ ಗುಂಡಿಯ ಮೇಲೂ ಪೂರ್ತಿ ನಂಬಿಕೆ ಇಲ್ಲ. ರೋಸ್ಟ್ ಬೇಡ ಅಂದರೂ ಆಲೂಗಡ್ಡೆ ಬೇಕೇ ಬೇಕು ಅಂತ ಒತ್ತಾಯ ಇದೆ. ಫ್ರಿಜ್ಜೂ ಸಣ್ಣದು.

ಕಾಳುಮೆಣಸು

ಥರ್ಮಾಮೀಟರ್ ಇಲ್ಲದಿದ್ದರೆ ಮೂಳೆಯನ್ನು ಕೇಳಿ. ಶೋಲ್ಡರ್‌ನ ಚಪ್ಪಟೆ ಮೂಳೆಯ ತುದಿ ಬಟ್ಟೆಯಲ್ಲಿ ಹಿಡಿದು ಅಲುಗಿಸಿದರೆ ಸಡಿಲವಾಗಿ ತಿರುಗಬೇಕು, ಎಳೆದರೆ ಮಾಂಸ ಅಂಟದೆ ಈಚೆ ಬರಬೇಕು. ಇದು ನಿಧಾನ ಬೇಯುವ ಮಾಂಸಕ್ಕೆ ಮಾತ್ರ ಹೊಂದುವ ಪರೀಕ್ಷೆ. ಕೋಳಿ, ಟರ್ಕಿಗೆ ಥರ್ಮಾಮೀಟರೇ ಬೇಕು, ದಪ್ಪ ಭಾಗದಲ್ಲಿ 74 ಡಿಗ್ರಿ.

ಓವನ್ ಪರೀಕ್ಷೆಗೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಚೆನ್ನಾಗಿ ಕಾದ ಓವನ್ನಿನಲ್ಲಿ 175ಕ್ಕೆ 15 ನಿಮಿಷ ಇಡಿ: ಕರಗಬಾರದು. ಹೊಸ ಸಕ್ಕರೆ ಹಾಕಿ 190ಕ್ಕೆ 15 ನಿಮಿಷ: ಕರಗಬೇಕು. ಮೊದಲನೆಯದರಲ್ಲೇ ಕರಗಿದರೆ ನಿಮ್ಮ ಓವನ್ ಬಿಸಿ ಜಾಸ್ತಿ, ಎರಡನೆಯದರಲ್ಲೂ ಕರಗದಿದ್ದರೆ ಕಡಿಮೆ. ಇಲ್ಲಿ ಎಲ್ಲರೂ ಕೊಟ್ಟಿರುವ ಅಂಕಿ ಫ್ಯಾನ್ ಇಲ್ಲದೆ. ಫ್ಯಾನ್ ಹಾಕಿದರೆ 20 ಡಿಗ್ರಿ ಇಳಿಸಿ.

ಆಲೂಗಡ್ಡೆಗೆ ಗ್ರಾಟಿನ್ ಮಾಡಿ, ಅಂದರೆ ತೆಳು ಹೋಳುಗಳನ್ನು ಕ್ರೀಮಿನಲ್ಲಿ ಪದರ ಪದರವಾಗಿ ಬೇಯಿಸಿದ್ದು. ಹಿಂದಿನ ದಿನ ಬೇಯಿಸಿಟ್ಟರೆ ಇನ್ನೂ ಚೆನ್ನ, ತಣ್ಣಗಾದಾಗ ಪದರ ಕೂಡಿಕೊಂಡು ಹೋಳು ನೀಟಾಗಿ ಬರುತ್ತೆ. ಆಲೂಗಡ್ಡೆ ಒಂದೂವರೆ ಕೆ.ಜಿ., 3 ಮಿ.ಮೀ. ಹೋಳು. ಹೆಚ್ಚಿದ ಮೇಲೆ ತೊಳೆಯಬೇಡಿ. ಆ ಪಿಷ್ಟವೇ ಕ್ರೀಮನ್ನು ಗಟ್ಟಿ ಮಾಡುವುದು. ಕ್ರೀಮ್ 500 ಮಿ.ಲೀ., ಹಾಲು 350, ಉಪ್ಪು 12 ಗ್ರಾಂ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಜಾಯಿಕಾಯಿ. (ಜಾಯಿಕಾಯಿ ಬೀಜದ ಮಸಾಲೆ, ಬಾದಾಮಿ-ಗೋಡಂಬಿ ಗುಂಪಿನದಲ್ಲ. ಆದರೂ ಅಲರ್ಜಿ ಇರುವವರನ್ನು ಒಂದು ಮಾತು ಕೇಳಿಬಿಡಿ.) ಮೊದಲು ಹೋಳುಗಳನ್ನು ಇದೇ ಹಾಲು-ಕ್ರೀಮಿನಲ್ಲಿ ಎಂಟು ನಿಮಿಷ ಸಣ್ಣಗೆ ಕುದಿಸಿ, ಆಮೇಲೆ ಟ್ರೇಗೆ ಸುರಿದು 160 ಡಿಗ್ರಿಯಲ್ಲಿ ಒಂದು ಗಂಟೆ. ಚಾಕು ತಡೆಯಿಲ್ಲದೆ ಇಳಿಯಬೇಕು. ಅರೆಬೆಂದದ್ದನ್ನು ಫ್ರಿಜ್ಜಿಗಿಟ್ಟರೆ ಮರುದಿನ ಬೂದು ಬಣ್ಣಕ್ಕೆ ತಿರುಗುತ್ತೆ. ಕ್ರೀಮ್ ಉಳಿಸಲು ಹೋಗಿ ತೆಳು ಹಾಲೇ ಸುರಿದರೆ, ಅಥವಾ ಉರಿ ಜಾಸ್ತಿಯಾದರೆ, ಒಡೆದು ಮೊಸರಿನ ಹಾಗೆ ಕಾಣುತ್ತೆ.

ಫ್ರಿಜ್ಜಿನಿಂದ ಪಾನೀಯ, ಜಾಮ್, ಉಪ್ಪಿನಕಾಯಿ ಎಲ್ಲ ಹೊರಹಾಕಿ. ಪಾನೀಯಕ್ಕೆ ಬಕೆಟ್ಟಿನಲ್ಲಿ ಐಸ್ ಸಾಕು. ಬೇಯಿಸಿದ್ದು ಎರಡು ಗಂಟೆಯೊಳಗೆ ಒಳಗೆ ಹೋಗಬೇಕು, ಅಗಲ ಪಾತ್ರೆಯಲ್ಲಿ ಹರಡಿದರೆ ಬೇಗ ತಣಿಯುತ್ತೆ. ಹಸಿ ಮಾಂಸ ಯಾವತ್ತೂ ಎಲ್ಲದಕ್ಕಿಂತ ಕೆಳಗೆ.

ಇನ್ನೊಂದು ಬಿಸಿ ತರಕಾರಿ ಸೇರಿಸುವ ಆಸೆ ಬೇಡ. ಕಿತ್ತಳೆ ಹೋಳು, ತೆಳುವಾಗಿ ಸೀಳಿದ ಫೆನಲ್ ಗಡ್ಡೆ (ಸೋಂಪಿನ ಜಾತಿಯ ತರಕಾರಿ), ಈರುಳ್ಳಿ, ಆಲಿವ್ ಎಣ್ಣೆ, ಉಪ್ಪು, ಇಷ್ಟರ ತಣ್ಣನೆ ಸಲಾಡ್ ಸಾಕು. ಕುರಿ, ಕ್ರೀಮು, ಬೆಣ್ಣೆಹಿಟ್ಟು ಮೂರೂ ಭಾರದವು. ನಡುವೆ ಕರುಂ ಅನ್ನುವ ಹುಳಿ ಒಂದು ಇರಲಿ.

ಸಿಹಿಪಾಕ

ಸಿಹಿಗೆ ಪಾವ್ಲೊವಾ, ಅಂದರೆ ಮೊಟ್ಟೆಯ ಬಿಳಿ, ಸಕ್ಕರೆಯ ನೊರೆಯನ್ನು ಗರಿಗರಿಯಾಗಿ ಬೇಯಿಸಿ ಮೇಲೆ ಕ್ರೀಮ್, ಹಣ್ಣು ಇಟ್ಟದ್ದು. ಮೊಟ್ಟೆ ಮುಟ್ಟದವರಿಗೆ ಏನು ಅಂತ ಕೇಳುವ ಮುಂಚೆ ಪೂರ್ತಿ ಓದಿ, ಲೆಕ್ಕ ಇದೆ.

ನಾಲ್ಕು ಮೊಟ್ಟೆಯ ಬಿಳಿ, ಸಣ್ಣ ಸಕ್ಕರೆ 220 ಗ್ರಾಂ, ಕಾರ್ನ್‌ಫ್ಲೋರ್ ಎರಡು ಟೀ ಚಮಚ, ವಿನಿಗರ್ ಒಂದು ಟೀ ಚಮಚ. ಬಿಳಿಯಲ್ಲಿ ಹಳದಿಯ ಒಂದು ಹನಿ ಬಿದ್ದರೂ, ಪಾತ್ರೆಯಲ್ಲಿ ಜಿಡ್ಡಿದ್ದರೂ ನೊರೆ ಏಳಲ್ಲ. ಒಂದೊಂದೇ ಮೊಟ್ಟೆ ಬೇರೆ ಬಟ್ಟಲಲ್ಲಿ ಒಡೆದು ಆಮೇಲೆ ಸೇರಿಸಿ. ನೊರೆ ಮೆತ್ತಗೆ ನಿಲ್ಲುವಾಗ ಸಕ್ಕರೆ ಒಂದೊಂದೇ ಚಮಚ, ಒಟ್ಟು ಹತ್ತು ನಿಮಿಷ. ಎರಡು ಬೆರಳ ನಡುವೆ ತಿಕ್ಕಿ ನೋಡಿ, ತರಿ ಸಿಗಬಾರದು. ಕರಗದೆ ಉಳಿದ ಸಕ್ಕರೆಯೇ ಆಮೇಲೆ ಕಂದು ಹನಿಯಾಗಿ ಸೋರುವುದು. 150ಕ್ಕೆ ಕಾದ ಓವನ್ನಿಗೆ ಇಟ್ಟು ತಕ್ಷಣ 120ಕ್ಕೆ ಇಳಿಸಿ, ಒಂದೂಕಾಲು ಗಂಟೆ. ಆಮೇಲೆ ಆರಿಸಿ, ಬಾಗಿಲು ತೆಗೆಯದೆ ರಾತ್ರಿಯೆಲ್ಲ ಬಿಡಿ. ಬಿರುಕು ಬಿಡುತ್ತೆ, ಬಿಡಲಿ. ಕ್ರೀಮಿನಡಿ ಯಾರಿಗೂ ಕಾಣಲ್ಲ.

ಉಳಿದ ನಾಲ್ಕು ಹಳದಿಯಿಂದ ನಿಂಬೆ ಕರ್ಡ್ (ಮೊಸರಲ್ಲ, ಹುಳಿಸಿಹಿಯ ಗಟ್ಟಿ ಸಾಸ್): ಸಕ್ಕರೆ 110 ಗ್ರಾಂ, ನಿಂಬೆರಸ 80 ಮಿ.ಲೀ., ಬೆಣ್ಣೆ 70 ಗ್ರಾಂ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂನಲ್ಲಿ ಲೋಹದ ರುಚಿ ಹತ್ತುತ್ತೆ. ಹಳದಿ, ಸಕ್ಕರೆ, ರಸ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ; ಚಮಚದ ಬೆನ್ನಿಗೆ ಅಂಟಿ, ಬೆರಳಲ್ಲಿ ಎಳೆದ ಗೆರೆ ನಿಂತರೆ ಇಳಿಸಿ ಬೆಣ್ಣೆ ಸೇರಿಸಿ. ಕುದಿ ಬಂದರೆ ಮೊಟ್ಟೆ ಗಡ್ಡೆಯಾಗುತ್ತೆ. ಬರೀ ಸಕ್ಕರೆಯ ಪಾವ್ಲೊವಾಗೆ ಈ ಹುಳಿ ಇಲ್ಲದಿದ್ದರೆ ಎರಡನೇ ತುತ್ತಿಗೇ ಮುಖ ಕಟ್ಟುತ್ತೆ.

ಈಗ ಪೇರ್ ಹಣ್ಣು. ಆರು ಗಟ್ಟಿ ಪೇರ್ ಸಿಪ್ಪೆ ಹೆರೆದು ಎರಡು ಭಾಗ ಮಾಡಿ, ನೀರು 750 ಮಿ.ಲೀ., ಸಕ್ಕರೆ 200 ಗ್ರಾಂ, ಚಕ್ಕೆ, ನಿಂಬೆಸಿಪ್ಪೆ. ಹಣ್ಣು ತೇಲಿ ಮೇಲ್ಭಾಗ ಕಪ್ಪಾಗದ ಹಾಗೆ ಬೆಣ್ಣೆಕಾಗದ ಹೊದಿಸಿ 20–25 ನಿಮಿಷ ಸಣ್ಣಗೆ ಬೇಯಿಸಿ, ಪಾಕದಲ್ಲೇ ರಾತ್ರಿ ಬಿಡಿ. ಒಂಬತ್ತು ಜನಕ್ಕೆ ಪಾವ್ಲೊವಾ ಮೇಲೆ ಕರ್ಡ್, ಕ್ರೀಮ್, ಸೀಳಿದ ಪೇರ್. ಮೊಟ್ಟೆ ಬೇಡದವರಿಗೆ ಅದೇ ಪೇರ್ ಮೇಲೆ, 100 ಗ್ರಾಂ ಡಾರ್ಕ್ ಚಾಕೊಲೇಟು 100 ಮಿ.ಲೀ. ಬಿಸಿ ಕ್ರೀಮಿನಲ್ಲಿ ಕರಗಿಸಿದ ಸಾಸ್. ನೋಡಲು ಎರಡೂ ಸಮಾನ ಅಂದ. ಚಾಕೊಲೇಟಿನ ಲೇಬಲ್ಲಿನಲ್ಲಿ ನಟ್ಸ್ ಎಚ್ಚರಿಕೆ ಇದ್ದರೆ ಆ ಪಾತ್ರೆ, ಚಮಚ ಪಾವ್ಲೊವಾ ಹತ್ತಿರ ತರಬೇಡಿ.

ಕ್ರೀಮ್ ಹಾಕುವುದು ಬಡಿಸುವ ಹತ್ತು ನಿಮಿಷ ಮುಂಚೆ. ಅದಕ್ಕೂ ಮೊದಲಾದರೆ ಗರಿಗರಿ ಹೋಗಿ ಜಿಗುಟಾಗುತ್ತೆ.

ಸೌಟು

ಗಡಿಯಾರ ಹೇಳಿಬಿಡುತ್ತೇನೆ. ಹಿಂದಿನ ದಿನ: ಬೆಳಿಗ್ಗೆ ಉಪ್ಪು ಸವರುವುದು, ಗ್ರಾಟಿನ್, ಮಧ್ಯಾಹ್ನ ಅಣಬೆ ಹೂರಣ, ಈರುಳ್ಳಿ ಗ್ರೇವಿ, ಕರ್ಡ್, ಪೇರ್, ಎಲ್ಲಕ್ಕೂ ಕೊನೆಗೆ ಪಾವ್ಲೊವಾ.

ಕ್ರಿಸ್‌ಮಸ್ ದಿನ 2:00ಕ್ಕೆ ಕುರಿ ಒಳಗೆ. ಒಂದು ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದಿರಿ. 6:15ಕ್ಕೆ ಕುರಿ ಹೊರಗೆ. ರಸ ಒಂದು ಎತ್ತರದ ಪಾತ್ರೆಗೆ ಬಸಿದು ಮತ್ತೆ ಫಾಯಿಲ್ ಮುಚ್ಚಿ, ಮೇಲೆ ದಪ್ಪ ಟವಲ್. ಓವನ್ 200ಕ್ಕೆ, ಖಾಲಿ ಟ್ರೇ ಕಾಯಲಿ. 6:35ಕ್ಕೆ ವೆಲ್ಲಿಂಗ್ಟನ್ ಕೆಳಗಿನ ತಟ್ಟಿಗೆ, 6:45ಕ್ಕೆ ಗ್ರಾಟಿನ್ ಫಾಯಿಲ್ ಮುಚ್ಚಿ ಮೇಲಿನ ತಟ್ಟಿಗೆ. ವೆಲ್ಲಿಂಗ್ಟನ್ 7:15ಕ್ಕೆ ಈಚೆ. ಗ್ರಾಟಿನ್ ಕೊನೆಯ ಹತ್ತು ನಿಮಿಷ ಫಾಯಿಲ್ ತೆಗೆದು 7:25ಕ್ಕೆ ಈಚೆ, ಮಧ್ಯಭಾಗ ಹಬೆಯಾಡುವಷ್ಟು ಬಿಸಿಯಾಗಿರಬೇಕು. ಆಮೇಲೆ 220, ಕುರಿಗೆ ಜೇನು ಸವರಿ 7:35ರಿಂದ 7:50.

ಈ ನಡುವೆ ಬಸಿದ ರಸದ ಮೇಲೆ ಕೊಬ್ಬು ಒಂದು ಬೆರಳು ದಪ್ಪ ಕಟ್ಟಿರುತ್ತೆ, ಸೌಟಿನಲ್ಲಿ ತೆಗೆದುಬಿಡಿ. ಉಳಿದದ್ದನ್ನು ಮೂರನೇ ಒಂದು ಭಾಗ ಇಂಗುವ ತನಕ ಕುದಿಸಿ. ಉಪ್ಪು ಹಾಕಬೇಡಿ, ಮಾಂಸದ ಉಪ್ಪು ಅದರಲ್ಲಿ ಇಳಿದಿರುತ್ತೆ. ಇಂಗಿದ ಮೇಲೆ ರುಚಿ ನೋಡಿ. ಸೂಪ್, ಸ್ಟಾರ್ಟರ್ ಅಂತ ಇನ್ನೊಂದು ಸಾಲು ಸೇರಿಸಬೇಡಿ. ಆಲಿವ್, ಬ್ರೆಡ್ ಇಟ್ಟರೆ ಧಾರಾಳ ಆಯಿತು.

ಹಿಟ್ಟುಕೈ

ವೆಲ್ಲಿಂಗ್ಟನ್ ಕೊಯ್ಯಲು ಹಲ್ಲಿರುವ ಬ್ರೆಡ್ ಚಾಕು, ಈಚೆ ತೆಗೆದು ಕನಿಷ್ಠ 15 ನಿಮಿಷ ಆದಮೇಲೆ. ಒತ್ತಬೇಡಿ, ಗರಗಸದ ಹಾಗೆ ಎಳೆಯಿರಿ. ಕುರಿಯ ಚಾಕು, ಚಮಚ ಬೇರೆ, ಇದರದ್ದೇ ಬೇರೆ. ಎರಡು ತಟ್ಟೆಯೂ ಮೇಜಿನ ಎರಡು ತುದಿಗಿರಲಿ.

ಸಿಹಿಪಾಕ

ಮತ್ತೊಂದು. ಪಾವ್ಲೊವಾ ರಾತ್ರಿಯೆಲ್ಲ ಓವನ್ನಿನೊಳಗೇ ಇರುತ್ತೆ, ಮರುದಿನ ಕುರಿಗೆ ಅಂತ ಕಣ್ಣುಮುಚ್ಚಿ ಓವನ್ ಹಚ್ಚಿದರೆ ಅಲ್ಲಿಗೆ ಮುಗಿಯಿತು. ಮಲಗುವ ಮುಂಚೆ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ.